ಚೀಟಿಯ ಮೇಲಿನ ಮೂರು ರೇಟು: ಮನೆ ಕಂಪ್ಯೂಟರಿಗೆ ಯಾವ ಎಸ್‌ಎಸ್‌ಡಿ?

ಮಂಡ್ಯದ ವಿದ್ಯಾನಗರದಲ್ಲಿರುವ ನಮ್ಮ ಚಿಕ್ಕಪ್ಪ ಒಂದು ವಿಸಿಟಿಂಗ್ ಕಾರ್ಡ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಅದರ ಹಿಂದೆ ಅಂಗಡಿಯವನು ಬಾಲ್‌ಪೆನ್ನಿನಲ್ಲಿ ಮೂರು ಸಾಲು ಗೀಚಿದ್ದ, ಮೂರು ಎಸ್‌ಎಸ್‌ಡಿಗಳ ರೇಟು. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಬರೀ ಚಿಪ್ಪಿನ ಡ್ರೈವು. ಮೊದಲನೆಯದು 512 ಜಿಬಿ, ಹೆಸರೇ ಕೇಳದ ಕಂಪನಿ, ರೇಟು ಎಲ್ಲಕ್ಕಿಂತ ಕಮ್ಮಿ. ಎರಡನೆಯದು 480 ಜಿಬಿ, ಎಲ್ಲರಿಗೂ ಗೊತ್ತಿರುವ ಕಂಪನಿಯ ಅಗ್ಗದ ಮಾಡೆಲ್. ಮೂರನೆಯದು 500 ಜಿಬಿ, ಐದು ವರ್ಷ ವಾರಂಟಿ, ಮೊದಲನೆಯದರ ಹೆಚ್ಚುಕಮ್ಮಿ ಒಂದೂವರೆ ಪಟ್ಟು ರೇಟು.

"ಮೂರೂ ಒಂದೇ ಅಲ್ವೇನ್ಲಾ? ಮೊದಲ್ನೇದ್ರಲ್ಲಿ 12 ಜಿಬಿ ಜಾಸ್ತಿ ಬೇರೆ ಐತೆ. ಅದ್ನೇ ಹಾಕ್ಬುಡು" ಅಂದರು.

"ತಡೀರಿ ಚಿಕ್ಕಪ್ಪ, ಮೊದಲು ನಿಮ್ಮ ಸಿಪಿಯು ಬಿಚ್ಚಿ ನೋಡೋಣ" ಅಂದೆ.

ಚಿಕ್ಕಪ್ಪ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ ಆಗಿದ್ದವರು. ಈಗ ಕಂಪ್ಯೂಟರಿನಲ್ಲಿ ಅವರ ಕೆಲಸ ಅಂದರೆ ಪಹಣಿ ಪ್ರಿಂಟು, ಮನೆ ಲೆಕ್ಕದ ಎಕ್ಸೆಲ್ ಶೀಟು, ಮೊಮ್ಮಕ್ಕಳ ಫೋಟೊ, ಸಂಜೆ ಒಂದಿಷ್ಟು ಯೂಟ್ಯೂಬು. ನಾನು ಮನೆಯಲ್ಲೇ ಡಿಟಿಪಿ ಮಾಡುವವನು. ಲಗ್ನಪತ್ರಿಕೆ, ಬ್ಯಾನರ್, ತಿಥಿ ಕಾರ್ಡು ಎಲ್ಲ ನನ್ನ ಕಂಪ್ಯೂಟರಿನಿಂದಲೇ ಹೊರಡಬೇಕು. ನನ್ನ ಡಿಸ್ಕ್ ಕೈಕೊಟ್ಟರೆ ಮುಹೂರ್ತ ಕಾಯೋದಿಲ್ಲ. ಹಾಗಾಗಿ ಎಸ್‌ಎಸ್‌ಡಿ ವಿಚಾರದಲ್ಲಿ ವೇಗಕ್ಕಿಂತ ಬಾಳಿಕೆ ನೋಡುವ ಅಭ್ಯಾಸ ನನಗೆ. ಆ ಕಣ್ಣಿನಿಂದಲೇ ಚೀಟಿಯ ಮೂರು ಸಾಲನ್ನು ಹೋಲಿಸಿದ್ದೇನೆ.

ಈಗಲೇ ಹೇಳಿಬಿಡುತ್ತೇನೆ, ಇಲ್ಲಿ ರೂಪಾಯಿ ಲೆಕ್ಕ ಬರೆದಿಲ್ಲ. 2025ರ ಕೊನೆಯಿಂದ ಮೆಮೊರಿ ರೇಟು ಏರುತ್ತಲೇ ಇದೆ. ಇವತ್ತು ಬರೆದದ್ದು ಮುಂದಿನ ತಿಂಗಳು ಸುಳ್ಳಾಗುತ್ತದೆ.

ಮೊದಲು ಕ್ಯಾಬಿನೆಟ್ ಬಿಚ್ಚಿ

ಸಿಪಿಯು ಅಂತ ನಾವೆಲ್ಲ ಕರೆಯುವ ಆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದೆ. ಫ್ಯಾನಿನ ರೆಕ್ಕೆಗೆ ದೂಳು ಹತ್ತಿಯ ಹಾಗೆ ಅಂಟಿಕೊಂಡಿತ್ತು. ಬ್ರಷ್ಷಿನಲ್ಲಿ ಕೆರೆದು ನೋಡಿದರೆ ಮದರ್‌ಬೋರ್ಡ್ ಮೇಲೆ ಎಚ್61 ಅಂತ ಬರೆದಿತ್ತು. ಒಳಗೆ ಇಂಟೆಲ್‌ನ ಮೂರನೇ ತಲೆಮಾರಿನ ಐ3 ಪ್ರೊಸೆಸರ್. ಹಾರ್ಡ್ ಡಿಸ್ಕ್ ಆಗಾಗ 'ಟಿಕ್, ಟಿಕ್' ಅಂತಿತ್ತು. ಅದು ಒಳ್ಳೆಯ ಸದ್ದಲ್ಲ.

ಇಷ್ಟು ಹಳೆಯ ಬೋರ್ಡಿಗೆ ಎಂ.2 ಕಿಂಡಿಯೇ, ಅಂದರೆ ಪಟ್ಟಿಯಂಥ ಡ್ರೈವನ್ನು ನೇರ ಬೋರ್ಡಿಗೆ ಸಿಕ್ಕಿಸುವ ಜಾಗವೇ, ಇರುವುದಿಲ್ಲ. ಚ್ಯೂಯಿಂಗ್ ಗಮ್ ಪಟ್ಟಿಯ ಹಾಗಿರುವ ಉದ್ದನೆಯ, ಎನ್‌ವಿಎಂಇ ಅನ್ನುವ ವೇಗದ ಜಾತಿಯ ಡ್ರೈವ್ ಇದಕ್ಕೆ ಆಗುವುದಿಲ್ಲ. ಕಾರ್ಡ್ ಮೇಲೆ ಕೂರಿಸಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕಬಹುದು, ಆದರೆ ಅಷ್ಟು ಹಳೆಯ ಬಯಾಸ್ (ಆನ್ ಆದೊಡನೆ ಬೋರ್ಡ್ ಓಡಿಸುವ ಪುಟ್ಟ ತಂತ್ರಾಂಶ) ಅದರಿಂದ ವಿಂಡೋಸ್ ಎಬ್ಬಿಸಲು ಒಪ್ಪುವುದಿಲ್ಲ. ಹಾಗಾಗಿ ಇಲ್ಲಿ ಆಯ್ಕೆ ಒಂದೇ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವಂಥದ್ದು. ಇಂಟೆಲ್‌ನ ಆರನೇ ತಲೆಮಾರಿನಿಂದ ಈಚೆಗಿನ ಮಶೀನಾದರೆ ಎಂ.2 ಕಿಂಡಿ ಇರುವ ಸಾಧ್ಯತೆ ಹೆಚ್ಚು. ಬೋರ್ಡಿನ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಪುಟದಲ್ಲಿ ನೋಡಿ. ಅಂಗಡಿಯವನ 'ಆಯ್ತದೆ ಬುಡಿ ಸಾರ್' ನಂಬಬೇಡಿ.

ಹೀಗೆ ನಂಬಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಅಕ್ಕನ ಮನೆ. ಅವಳ ಹಳೇ ಲ್ಯಾಪ್‌ಟಾಪಿಗೆ ಎಂ.2 ಡ್ರೈವ್ ತೆಗೆದುಕೊಂಡು ಹೋದೆ. ಕಿಂಡಿಗೆ ಸರಿಯಾಗಿ ಕೂತಿತು, ಸ್ಕ್ರೂನೂ ಹಾಕಿದ್ದಾಯ್ತು. ಆನ್ ಮಾಡಿದರೆ ಡ್ರೈವೇ ಕಾಣುತ್ತಿಲ್ಲ! ಒಂದು ಗಂಟೆ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಗಿದ್ದು, ಎಂ.2 ಅನ್ನೋದು ಬರೀ ಆಕಾರದ ಹೆಸರು. ಅದರೊಳಗೆ ಎರಡು ಜಾತಿ. ಒಂದು ಸಾಟಾ, ಇನ್ನೊಂದು ಎನ್‌ವಿಎಂಇ. ಅಕ್ಕನ ಲ್ಯಾಪ್‌ಟಾಪ್ ಸಾಟಾ ಜಾತಿಯದನ್ನು ಮಾತ್ರ ಒಪ್ಪುತ್ತಿತ್ತು. ಗುರುತು ಸುಲಭ. ಚಿನ್ನದ ಬಣ್ಣದ ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಜೊತೆಗೆ 2280 ಅಂತ ಬರೆದಿರುತ್ತದೆ. ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಮನೆ ಕಂಪ್ಯೂಟರಿಗೆ ಬರುವುದು ಬಹುತೇಕ ಅದೇ ಅಳತೆ.

ಆ ಡ್ರೈವ್ ವಾಪಸ್ ಮಾಡಲು ಹೋದಾಗ ಅಂಗಡಿಯವನು ಸೀಲ್ ಒಡೆದಿದೆ ಅಂದ. ಈಗ ಅದು ನನ್ನ ಮಶೀನಿನಲ್ಲಿದೆ.

ವೇಗ: ಡಬ್ಬಿಯ ಮೇಲಿನ ನಂಬರ್ ಬಿಡಿ

ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇಯ ಮೂರನೇ ಪೀಳಿಗೆಯವು 3,500ರ ಹತ್ತಿರ, ನಾಲ್ಕನೆಯವು 7,000ದ ಹತ್ತಿರ. ಕಾಗದದ ಮೇಲೆ ಅಜಗಜಾಂತರ. ಮನೆ ಬಳಕೆಯಲ್ಲಿ ನೋಡಿದರೆ ಮೂರೂ ಹೆಚ್ಚುಕಮ್ಮಿ ಒಂದೇ ಥರ ಅನ್ನಿಸುತ್ತವೆ.

ಯಾಕೆ ಅಂದರೆ, ಕಂಪ್ಯೂಟರ್ ಆನ್ ಆಗುವಾಗ ಒಂದು ದೊಡ್ಡ ಫೈಲ್ ಓದುವುದಿಲ್ಲ. ಸಾವಿರಾರು ಚೂರು ಫೈಲುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುತ್ತದೆ. ಹಾರ್ಡ್ ಡಿಸ್ಕಿನೊಳಗೆ ಒಂದು ಮುಳ್ಳು ಪ್ರತಿ ಚೂರಿಗೂ ಓಡಾಡಬೇಕು, ತಟ್ಟೆ ತಿರುಗಿ ಜಾಗ ಕೆಳಗೆ ಬರುವ ತನಕ ಕಾಯಬೇಕು. ಸೆಕೆಂಡಿಗೆ ನೂರು ಚೂರು ಹೆಕ್ಕಿದರೆ ಅದೇ ದೊಡ್ಡದು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ಅಗ್ಗದ್ದೂ ಸೆಕೆಂಡಿಗೆ ಸಾವಿರಗಟ್ಟಲೆ ಹೆಕ್ಕುತ್ತದೆ. ನಿಮಗೆ ಕಾಣುವ ಜಿಗಿತ ಇದು, ಹಾರ್ಡ್ ಡಿಸ್ಕಿನಿಂದ ಯಾವುದೋ ಒಂದು ಎಸ್‌ಎಸ್‌ಡಿಗೆ. ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಹಾರಿದರೆ ಅಷ್ಟು ಕಾಣುವುದಿಲ್ಲ.

ಚಿಕ್ಕಪ್ಪನ ಎಚ್61 ಬೋರ್ಡಿನಲ್ಲಂತೂ ಸಾಟಾ ಹಳೆಯ ಪೀಳಿಗೆಯದು. 550 ಅಂತ ಡಬ್ಬಿ ಮೇಲೆ ಬರೆದದ್ದು ಅಲ್ಲಿ 280 ದಾಟುವುದಿಲ್ಲ. ಆದರೂ ಮಶೀನು ಹೊಸದರ ಹಾಗೆ ಓಡುತ್ತದೆ. ವಿಡಿಯೊ ಎಡಿಟಿಂಗ್ ಮಾಡುವವರು, ದೊಡ್ಡ ಗೇಮ್ ಆಡುವವರು ನಂಬರ್ ನೋಡಲಿ. ಉಳಿದವರು ಆ ಹಣವನ್ನು ಬಾಳಿಕೆಗೆ ಹಾಕಿ.

ಟಿಎಲ್‌ಸಿ, ಕ್ಯೂಎಲ್‌ಸಿ ಅಂದರೆ ಏನು ಮಹಾ?

ಇದು ಸ್ವಲ್ಪ ಕೂತು ಅರ್ಥ ಮಾಡಿಕೊಳ್ಳಬೇಕಾದ ವಿಷಯ. ಡಬ್ಬಿಯ ಮೇಲೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ, ಸಣ್ಣ ಅಕ್ಷರದಲ್ಲೂ ಎಷ್ಟೋ ಸಲ ಬರೆದಿರುವುದಿಲ್ಲ.

ಎಸ್‌ಎಸ್‌ಡಿ ಚಿಪ್ಪಿನೊಳಗೆ ಕೋಟ್ಯಂತರ ಪುಟ್ಟ ಕೋಶಗಳಿವೆ. ಪ್ರತಿಯೊಂದೂ ಒಂದು ಲೋಟ ಅಂದುಕೊಳ್ಳಿ, ಒಳಗೆ ನೀರಿನ ಬದಲು ಕರೆಂಟಿನ ಚಾರ್ಜು. ಲೋಟದಲ್ಲಿ ಎಷ್ಟು ಇದೆ ಅಂತ ಅಳೆದು ಡೇಟಾ ಓದುತ್ತಾರೆ. ಟಿಎಲ್‌ಸಿಯಲ್ಲಿ ಒಂದು ಲೋಟಕ್ಕೆ ಮೂರು ಬಿಟ್, ಅಂದರೆ 8 ಮಟ್ಟ ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, ಅದೇ ಲೋಟದಲ್ಲಿ 16 ಮಟ್ಟ. ಗೆರೆ ಹತ್ತಿರ ಹತ್ತಿರ ಬಂದಷ್ಟೂ ತುಂಬುವಾಗ ನಿಧಾನ ಮಾಡಬೇಕು, ಅಳೆಯುವಾಗ ಹುಷಾರಾಗಿರಬೇಕು. ಬರೆದು ಅಳಿಸಿ, ಬರೆದು ಅಳಿಸಿ ಲೋಟ ಸೋರಲು ಶುರುವಾದಾಗ 16 ಗೆರೆಯದು ಮೊದಲು ತಪ್ಪು ಲೆಕ್ಕ ಕೊಡುತ್ತದೆ. ಅಷ್ಟೇ ಜಾಗದಲ್ಲಿ ಜಾಸ್ತಿ ಡೇಟಾ ಹಿಡಿಸುವುದರಿಂದ ಕ್ಯೂಎಲ್‌ಸಿ ಅಗ್ಗ.

ನಿಧಾನದ ವಿಷಯ ನಮ್ಮ ಮಂಡ್ಯದವರಿಗೆ ಬೇಗ ಅರ್ಥವಾಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ನೋಡಿ. ಯಾರ್ಡ್ ಖಾಲಿ ಇರುವ ತನಕ ಗಾಡಿ ಸರಸರ ಒಳಗೆ ಹೋಗುತ್ತದೆ. ಯಾರ್ಡ್ ತುಂಬಿತೋ, ಗಾಣ ಅರೆದಷ್ಟೇ ವೇಗ, ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂತು. ಇವತ್ತಿನ ಎಸ್‌ಎಸ್‌ಡಿಗಳಲ್ಲೂ ಇಂಥ ಒಂದು ಯಾರ್ಡ್ ಇದೆ, ಎಸ್‌ಎಲ್‌ಸಿ ಕ್ಯಾಶ್ ಅಂತ. ಕಾಪಿ ಮಾಡಿದ ಫೈಲ್ ಮೊದಲು ಅಲ್ಲಿಗೆ ಹೋಗುತ್ತದೆ, ಆಮೇಲೆ ನಿಧಾನಕ್ಕೆ ಒಳಗೆ ಸೇರುತ್ತದೆ. ಸ್ಯಾಮ್‌ಸಂಗ್‌ನ 870 ಕ್ಯೂವಿಒ 1 ಟಿಬಿ ಡ್ರೈವಿಗೆ ಆ ಯಾರ್ಡ್ ಗರಿಷ್ಠ 42 ಜಿಬಿ. ಅದು ತುಂಬಿದ ಮೇಲೆ ಬರೆಯುವ ವೇಗ ಸೆಕೆಂಡಿಗೆ 80 ಎಂಬಿ ಅಂತ ಕಂಪನಿಯೇ ಹೇಳಿದೆ. ಒಳ್ಳೆಯ ಹಾರ್ಡ್ ಡಿಸ್ಕ್ ಇದಕ್ಕಿಂತ ಬೇಗ ಬರೆಯುತ್ತದೆ!

ದಿನಕ್ಕೆ ನಾಲ್ಕು ಫೋಟೊ ಹಾಕುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಮದುವೆ ವಿಡಿಯೊ 100 ಜಿಬಿ ಒಂದೇ ಸಲಕ್ಕೆ ಸುರಿಯುವ ಸ್ಟುಡಿಯೊದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕ್ಯೂಎಲ್‌ಸಿ ಕೆಟ್ಟದ್ದಂತ ನಾನು ಹೇಳೋದಿಲ್ಲ. ಹಳೇ ಸಿನಿಮಾ, ಹಾಡು, ಫೋಟೊ ತುಂಬಿಡುವ ಎರಡನೇ ಡ್ರೈವಾಗಿ ಅದು ಲಾಯಕ್ಕು. ವಿಂಡೋಸ್ ಇರುವ, ಮನೆಯಲ್ಲಿ ಇರುವ ಒಂದೇ ಒಂದು ಡ್ರೈವಿಗೆ ಮಾತ್ರ ಟಿಎಲ್‌ಸಿ ಇರಲಿ.

ಡಿ-ರ‍್ಯಾಮ್ ಇದೆಯಾ?

ಯಾವ ಫೈಲಿನ ಯಾವ ಚೂರು ಯಾವ ಕೋಶದಲ್ಲಿದೆ ಅಂತ ಡ್ರೈವಿನೊಳಗೆ ಒಂದು ಖಾತೆ ಪುಸ್ತಕ ಇರುತ್ತದೆ. ಒಳ್ಳೆಯ ಡ್ರೈವುಗಳಲ್ಲಿ ಅದನ್ನು ಸದಾ ಬಿಚ್ಚಿಡಲು ಪ್ರತ್ಯೇಕ ಡಿ-ರ‍್ಯಾಮ್ ಚಿಪ್ಪು ಇರುತ್ತದೆ, 1 ಟಿಬಿಗೆ 1 ಜಿಬಿ ಲೆಕ್ಕದಲ್ಲಿ. ಅಗ್ಗದವುಗಳಲ್ಲಿ ಆ ಚಿಪ್ಪನ್ನು ಹಾಕದೆ ಹಣ ಉಳಿಸುತ್ತಾರೆ. ಆಗ ಶ್ಯಾನುಭೋಗರು ಪ್ರತಿ ಸಲ ಒಳಕೋಣೆಗೆ ಹೋಗಿ ಪುಸ್ತಕ ತೆಗೆದು ನೋಡಿ ಬಂದ ಹಾಗೆ. ಡ್ರೈವ್ ತುಂಬುತ್ತಾ ಬಂದಂತೆ, ಒಂದೇ ಸಮ ಬರೆಯುವಾಗ, ತಡವರಿಸುತ್ತದೆ.

ಎನ್‌ವಿಎಂಇಯಲ್ಲಿ ಇದಕ್ಕೊಂದು ಉಪಾಯವಿದೆ. ಡ್ರೈವು ಕಂಪ್ಯೂಟರಿನ ರ‍್ಯಾಮಿನಿಂದಲೇ ಒಂದಿಷ್ಟು ಎಂಬಿ ಕಡ ತೆಗೆದುಕೊಂಡು ಪುಸ್ತಕ ಅಲ್ಲಿ ಬಿಚ್ಚುತ್ತದೆ. ಸ್ಯಾಮ್‌ಸಂಗ್ 980, ಡಬ್ಲ್ಯುಡಿ ಬ್ಲೂ ಎಸ್‌ಎನ್580 ಎರಡೂ ಹಾಗೆಯೇ ಮಾಡುತ್ತವೆ, ಮನೆ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಸಾಟಾ ಡ್ರೈವಿಗೆ ಈ ಕಡದ ಸವಲತ್ತು ಇಲ್ಲ. ಹಾಗಾಗಿ ಡಿ-ರ‍್ಯಾಮ್ ಇಲ್ಲದ ಎನ್‌ವಿಎಂಇ ಪರವಾಗಿಲ್ಲ, ಸಾಟಾ ತಗೊಳ್ಳುವಾಗ ಮಾತ್ರ ಡಿ-ರ‍್ಯಾಮ್ ಇರುವುದನ್ನೇ ಹುಡುಕಿ.

ಟಿಬಿಡಬ್ಲ್ಯು ಲೆಕ್ಕ

ಚೀಟಿಯ ಎರಡನೇ ಸಾಲಿನ ಥರದ ಡ್ರೈವ್ ಅಂದರೆ ಕ್ರೂಶಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400. ಮೂರನೇ ಸಾಲಿನ ಥರದ್ದು ಅಂದರೆ ಸ್ಯಾಮ್‌ಸಂಗ್ 870 ಇವಿಒ. ಇವುಗಳ ಕಾಗದ ಪಕ್ಕಪಕ್ಕ ಇಟ್ಟು ನೋಡೋಣ. ಟಿಬಿಡಬ್ಲ್ಯು ಅಂದರೆ ಇಷ್ಟು ಟೆರಾಬೈಟ್ ಬರೆಯುವ ತನಕ ವಾರಂಟಿ ಅಂತ.

ಬಿಎಕ್ಸ್500 480 ಜಿಬಿಗೆ 120 ಟಿಬಿಡಬ್ಲ್ಯು, ಮೂರು ವರ್ಷ ವಾರಂಟಿ. ಎ400 480 ಜಿಬಿಗೆ 160, ಅದಕ್ಕೂ ಮೂರು ವರ್ಷ. ಎರಡಕ್ಕೂ ಡಿ-ರ‍್ಯಾಮ್ ಇಲ್ಲ. 870 ಇವಿಒ 500 ಜಿಬಿಗೆ 300 ಟಿಬಿಡಬ್ಲ್ಯು, ಐದು ವರ್ಷ, ಟಿಎಲ್‌ಸಿ, ಡಿ-ರ‍್ಯಾಮ್ ಇದೆ. ಎಂ.2 ಕಡೆ ಬಂದರೆ ಎಸ್‌ಎನ್580 500 ಜಿಬಿಗೂ 300, ಐದು ವರ್ಷ. ಕ್ಯೂಎಲ್‌ಸಿ ಇರುವ ಕ್ರೂಶಿಯಲ್ ಪಿ3 500 ಜಿಬಿಗೆ 110 ಮಾತ್ರ, ವಾರಂಟಿ ಐದು ವರ್ಷವೇ.

ವರ್ಷ ಅಥವಾ ಟಿಬಿ, ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗೀತು. ಆ ಅಂಕಿ ದಾಟಿದ ತಕ್ಷಣ ಡ್ರೈವ್ ಸಾಯುತ್ತದೆ ಅಂತಲ್ಲ.

ಈಗ ಭಾಗಿಸಿ ನೋಡಿ. 120 ಟಿಬಿಯನ್ನು ಮೂರು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 110 ಜಿಬಿ. ನಾನು ದಿನವಿಡೀ ಫ್ಲೆಕ್ಸ್ ಬ್ಯಾನರುಗಳ ದೊಡ್ಡ ಫೈಲ್ ಉಳಿಸುವವನು. ನನ್ನ 500 ಜಿಬಿ ಡ್ರೈವಿಗೆ ನಾಲ್ಕು ವರ್ಷ ತುಂಬಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ, ಡ್ರೈವಿನ ಆರೋಗ್ಯ ತೋರಿಸುವ ತಂತ್ರಾಂಶ ತೆರೆದರೆ ಒಟ್ಟು ಬರೆದದ್ದು 21 ಟಿಬಿ, ಆರೋಗ್ಯ ಶೇ 94. ದಿನಕ್ಕೆ 14 ಜಿಬಿ ಬಿತ್ತು. ಚಿಕ್ಕಪ್ಪ ಅದರ ಅರ್ಧವೂ ಬರೆಯುವುದಿಲ್ಲ. ಅಂದರೆ ಸವೆತದಿಂದ ಸಾಯುವಷ್ಟು ನಾವು ಯಾರೂ ದುಡಿಸುವುದೇ ಇಲ್ಲ. 120 ಆದರೂ ಸಾಕು, 300 ಆದರೂ ಸಾಕು.

ಹಾಗಾದರೆ ಮೂರನೇ ಸಾಲಿಗೆ ಜಾಸ್ತಿ ಹಣ ಯಾಕೆ? ನಾನು ಆ ಹಣ ಕೊಡುವುದು ಐದು ವರ್ಷದ ಬದಲಿ ಭರವಸೆಗೆ, ಡಿ-ರ‍್ಯಾಮಿಗೆ, ಒಳಗಿನ ಸಾಮಾನು ಏನು ಅಂತ ಗೊತ್ತಿರುವ ನೆಮ್ಮದಿಗೆ.

ಡ್ರೈವುಗಳು ನಿಜವಾಗಿ ಸಾಯೋದು ಹೇಗೆ

ಹೆಚ್ಚಿನವು ಸವೆದು ಸಾಯುವುದಿಲ್ಲ. ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ಪು ಕೈಕೊಡುತ್ತದೆ, ಫರ್ಮ್‌ವೇರ್ ಎಡವುತ್ತದೆ, ಕರೆಂಟ್ ಹೊಡೆತ ಬೀಳುತ್ತದೆ.

ಫರ್ಮ್‌ವೇರ್ ಅಂದರೆ ಡ್ರೈವಿನೊಳಗಿನ ಪುಟ್ಟ ತಂತ್ರಾಂಶ. 2019ರಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ಅವು ಸರಿಯಾಗಿ 32,768 ಗಂಟೆ ಓಡಿದ ಮೇಲೆ ನಿಂತುಹೋಗುತ್ತವೆ, ಒಳಗಿನ ಡೇಟಾ ಸಿಗುವುದಿಲ್ಲ, ಕೂಡಲೇ ಫರ್ಮ್‌ವೇರ್ ಬದಲಿಸಿ ಅಂತ. ಗಂಟೆ ಎಣಿಸುವ ಲೆಕ್ಕದಲ್ಲಿ ಒಂದು ತಪ್ಪು, ಅಷ್ಟೇ. ಚಿಪ್ಪು ಗಟ್ಟಿಮುಟ್ಟಾಗಿಯೇ ಇತ್ತು. 2014ರಲ್ಲಿ ಸ್ಯಾಮ್‌ಸಂಗ್ 840 ಇವಿಒ ಹಳೆಯ ಫೈಲುಗಳನ್ನು ಓದುವಾಗ ತೀರಾ ನಿಧಾನವಾಗುತ್ತಿತ್ತು, ಅದಕ್ಕೂ ಫರ್ಮ್‌ವೇರ್ ಅಪ್‌ಡೇಟ್ ಬಂತು. ದೊಡ್ಡ ಕಂಪನಿಗಳೂ ಎಡವುತ್ತವೆ. ಆದರೆ ಎಡವಿದಾಗ ತಿದ್ದುಪಡಿ ಕೊಡುತ್ತವೆ, ಅದನ್ನು ಹಾಕಲು ಒಂದು ತಂತ್ರಾಂಶ ಕೊಡುತ್ತವೆ. ಮೊದಲನೇ ಸಾಲಿನ ಹೆಸರಿಲ್ಲದ ಕಂಪನಿಗೆ ಒಂದು ವೆಬ್‌ಸೈಟೂ ಇರಲಿಲ್ಲ. ನಾನು ಹುಡುಕಿ ನೋಡಿದೆ. ಡಬ್ಬಿಯ ಮೇಲೆ ಇದ್ದದ್ದು ಆಮದು ಮಾಡಿದವನ ವಿಳಾಸ ಮಾತ್ರ.

ಅಂಥ ಡ್ರೈವಿನಲ್ಲಿ ಇನ್ನೊಂದು ತಕರಾರಿದೆ. ಇವತ್ತು ಟಿಎಲ್‌ಸಿ ಇರುತ್ತದೆ, ಮುಂದಿನ ಲಾಟಿನಲ್ಲಿ ಅದೇ ಸ್ಟಿಕರಿನ ಕೆಳಗೆ ಬೇರೇನೋ. ಯಾವುದು ಅಗ್ಗಕ್ಕೆ ಸಿಕ್ಕಿತೋ ಅದು. ಇದು ದೊಡ್ಡವರಲ್ಲೂ ಇಲ್ಲದ್ದೇನಲ್ಲ. 2021ರಲ್ಲಿ ಕ್ರೂಶಿಯಲ್ ಪಿ2 ಅದೇ ಹೆಸರಿನಲ್ಲಿ ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಹೋಯಿತು. ಅದೇ ವರ್ಷ ಡಬ್ಲ್ಯುಡಿ ಬ್ಲೂ ಎಸ್‌ಎನ್550ರ ಚಿಪ್ಪು ಬದಲಾಗಿ, ಕ್ಯಾಶ್ ತುಂಬಿದ ಮೇಲಿನ ವೇಗ ಕುಸಿಯಿತು. ಗದ್ದಲ ಎದ್ದ ಮೇಲೆ ಕಂಪನಿ ಒಪ್ಪಿಕೊಂಡಿತು. ಆದ್ದರಿಂದ ಮೂರು ವರ್ಷ ಹಳೆಯ ರಿವ್ಯೂ ಓದಿ ಇವತ್ತು ಡ್ರೈವ್ ಕೊಳ್ಳಬೇಡಿ. ಇತ್ತೀಚಿನದನ್ನು ಹುಡುಕಿ.

ಇನ್ನು ಕರೆಂಟು. ಮಂಡ್ಯ, ಮೈಸೂರು ಎರಡಕ್ಕೂ ಸೆಸ್ಕ್‌ನದೇ ವಿದ್ಯುತ್ತು. ಮಳೆಗಾಲದ ಸಂಜೆ ಗಾಳಿ ಬೀಸಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಎಸ್‌ಎಸ್‌ಡಿ ತನ್ನ ಖಾತೆ ಪುಸ್ತಕ ತಿದ್ದುತ್ತಿರುವ ಕ್ಷಣಕ್ಕೇ ಕರೆಂಟ್ ಹೋದರೆ ಪುಸ್ತಕದ ಪುಟ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಿನ ಸಲ ಡ್ರೈವ್ ತಾನೇ ಸರಿಮಾಡಿಕೊಳ್ಳುತ್ತದೆ. ಒಮ್ಮೊಮ್ಮೆ ಮಾರನೇ ದಿನ ಡ್ರೈವೇ ಕಾಣಿಸುವುದಿಲ್ಲ. ಸರ್ವರ್ ಡ್ರೈವುಗಳಲ್ಲಿ ಈ ಕ್ಷಣಕ್ಕಂತಲೇ ಒಂದಿಷ್ಟು ಕರೆಂಟ್ ಹಿಡಿದಿಡುವ ಕೆಪಾಸಿಟರ್ ಸಾಲು ಇರುತ್ತದೆ, ಮನೆ ಬಳಕೆಯವುಗಳಲ್ಲಿ ಬಹುತೇಕ ಇರುವುದಿಲ್ಲ. ಹಾಗಾಗಿ ದುಬಾರಿ ಡ್ರೈವ್ ತಂದು ನೇರ ಗೋಡೆಗೆ ಸಿಕ್ಕಿಸುವ ಬದಲು, ಸಾಧಾರಣ ಡ್ರೈವ್ ತಂದು ಜೊತೆಗೊಂದು ಸಣ್ಣ ಯುಪಿಎಸ್ ಇಡುವುದು ಮೇಲು.

ಯುಪಿಎಸ್ ಅಂದಾಗ ಒಂದು ಮಾತು. ನಮ್ಮ ಕಡೆ ಮನೆಯ ಇನ್ವರ್ಟರಿಗೂ ಯುಪಿಎಸ್ ಅಂತಲೇ ಅನ್ನುತ್ತೇವೆ. ಲೈಟು ಫ್ಯಾನು ನಡೆಸುವ ಆ ಪೆಟ್ಟಿಗೆ ಕರೆಂಟ್ ಹೋದಾಗ ಬದಲಾಗಲು ಕೊಂಚ ಹೊತ್ತು ತಗೊಳ್ಳುತ್ತದೆ. ಬಲ್ಬು ಒಂದು ಸಲ ಮಿಟುಕುತ್ತದಲ್ವಾ, ಅಷ್ಟು ಹೊತ್ತು. ಅಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿ ಮತ್ತೆ ಶುರುವಾಗಬಹುದು. ಅನೇಕ ಇನ್ವರ್ಟರುಗಳಲ್ಲಿ ಒಂದು ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೊ. ಯುಪಿಎಸ್ ಕಡೆಗೆ ತಳ್ಳಿದರೆ ಬೇಗ ಬದಲಾಗುತ್ತದೆ. ಚಿಕ್ಕಪ್ಪನ ಮನೆಯಲ್ಲಿ ಅದು ಇಕೊದಲ್ಲೇ ಇತ್ತು. ತಂದ ದಿನದಿಂದ ಯಾರೂ ಮುಟ್ಟಿರಲಿಲ್ಲ.

ಒಟ್ಟಾರೆ ಎಸ್‌ಎಸ್‌ಡಿ ಹಾರ್ಡ್ ಡಿಸ್ಕಿಗಿಂತ ನಂಬಿಕಸ್ಥ. ಸಾವಿರಾರು ಡ್ರೈವ್ ನಡೆಸುವ ಬ್ಯಾಕ್‌ಬ್ಲೇಜ್ ಕಂಪನಿ ಪ್ರಕಟಿಸಿದ ಲೆಕ್ಕದಲ್ಲಿ ಅದರ ಎಸ್‌ಎಸ್‌ಡಿಗಳು ವರ್ಷಕ್ಕೆ ನೂರಕ್ಕೆ ಹೆಚ್ಚುಕಮ್ಮಿ ಒಂದರಂತೆ ಕೆಟ್ಟಿವೆ. ಆದರೆ ಸಾಯುವ ರೀತಿ ಬೇರೆ. ಹಾರ್ಡ್ ಡಿಸ್ಕ್ 'ಟಿಕ್ ಟಿಕ್' ಅಂತ ನಾಲ್ಕು ದಿನ ನರಳಿ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗುತ್ತದೆ. ರಾತ್ರಿ ಶಟ್‌ಡೌನ್ ಮಾಡಿದ್ದು, ಬೆಳಿಗ್ಗೆ ಇಲ್ಲ.

ಎಲ್ಲಿ ಕೊಳ್ಳೋದು

ಮಂಡ್ಯದ ಅಂಗಡಿ, ಮೈಸೂರಿನ ಅಂಗಡಿ, ಬೆಂಗಳೂರಿನ ಎಸ್‌ಪಿ ರೋಡ್, ಆನ್‌ಲೈನ್. ನಾಲ್ಕರಲ್ಲೂ ಒಳ್ಳೆಯದೂ ಸಿಗುತ್ತದೆ, ಟೋಪಿಯೂ ಸಿಗುತ್ತದೆ. ಎಸ್‌ಪಿ ರೋಡಿನಲ್ಲಿ ರೇಟು ಕಮ್ಮಿ ಅಂತ ರೈಲು ಹತ್ತುವವರು ಒಂದನ್ನು ಯೋಚಿಸಿ, ಕೆಟ್ಟರೆ ಮತ್ತೆ ಅಲ್ಲಿಗೇ ಹೋಗಬೇಕು. ನೂರಿನ್ನೂರು ಉಳಿಸಲು ಎರಡು ದಿನ ಹೋಗುತ್ತದೆ. ನಾನು ಊರಲ್ಲೇ ತಗೊಳ್ಳುವವನು, ಒಂದು ಷರತ್ತಿನ ಮೇಲೆ. ಜಿಎಸ್‌ಟಿ ಬಿಲ್ಲು ಕೊಡಬೇಕು, ಆ ಬಿಲ್ಲಿನಲ್ಲಿ ಡ್ರೈವಿನ ಸೀರಿಯಲ್ ನಂಬರ್ ಬರೆದಿರಬೇಕು. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ' ಅಂದರೆ ಅವನು ಕಮ್ಮಿ ಮಾಡುತ್ತಿರುವುದು ನಿಮ್ಮ ವಾರಂಟಿಯನ್ನು. ವಾರಂಟಿಗೆ ಡ್ರೈವನ್ನು ಅಂಗಡಿಗೆ ಕೊಡಬೇಕೋ, ಸರ್ವಿಸ್ ಸೆಂಟರಿಗೆ ಹೋಗಬೇಕೋ, ಕೊರಿಯರ್ ಮಾಡಬೇಕೋ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ.

ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಡ್ರೈವುಗಳೂ ಮಾರಾಟಕ್ಕೆ ಬರುತ್ತವೆ. ಸ್ಯಾಮ್‌ಸಂಗ್ ಪಿಎಂ981 ಥರದವು. ಡ್ರೈವ್ ಚೆನ್ನಾಗಿಯೇ ಇರುತ್ತದೆ. ಆದರೆ ಅವನ್ನು ಕಂಪನಿ ಲ್ಯಾಪ್‌ಟಾಪ್ ಮಾಡುವವರಿಗೆ ಮಾರಿರುತ್ತದೆ, ನಿಮಗಲ್ಲ. ವಾರಂಟಿ ಕೇಳಿದರೆ ಲ್ಯಾಪ್‌ಟಾಪಿನವರನ್ನು ಕೇಳಿ ಅಂತಾರೆ. ಎರಡನೇ ಡ್ರೈವಾಗಿ ಸರಿ, ಒಂದೇ ಡ್ರೈವಾಗಿ ಬೇಡ.

ಆನ್‌ಲೈನಿನಲ್ಲಿ 2 ಟಿಬಿ, 4 ಟಿಬಿ ಡ್ರೈವ್ ಪುಡಿಗಾಸಿಗೆ ಕಂಡರೆ ಅದು ನಕಲಿ. ಒಳಗೆ ಒಂದು ಚಿಕ್ಕ ಮೆಮೊರಿ ಕಾರ್ಡ್ ಅಂಟಿಸಿ, ಸಾಮರ್ಥ್ಯ ಸುಳ್ಳು ತೋರಿಸುವ ಹಾಗೆ ಮಾಡಿರುತ್ತಾರೆ. ಫೈಲ್ ಹಾಕಿದಾಗ ಹೋಗುತ್ತದೆ, ತೆರೆದಾಗ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಅಂತ ಒಂದು ಉಚಿತ ತಂತ್ರಾಂಶ ಇದೆ. ಡ್ರೈವ್ ಪೂರ್ತಿ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತದೆ. ಎಲ್ಲಿಂದ ತಂದರೂ ವಾಪಸಾತಿ ಅವಧಿ ಮುಗಿಯುವ ಮೊದಲು ಒಮ್ಮೆ ಅದನ್ನು ಓಡಿಸಿ, ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಓಡಿದ ಗಂಟೆ ನೋಡಿ. ಹೊಸ ಡ್ರೈವ್ ಅಂತ ಕೊಟ್ಟದ್ದು 4,000 ಗಂಟೆ ತೋರಿಸಿದರೆ ನೇರ ಅಂಗಡಿಗೆ.

ಕ್ರೂಶಿಯಲ್ ಬಗ್ಗೆ ಒಂದು ವಿಷಯ. ಆ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸುವುದಾಗಿ ಅದರ ಒಡೆಯ ಕಂಪನಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. ಮಾರಿದ ಮಾಲಿಗೆ ವಾರಂಟಿ ಮುಂದುವರಿಯುತ್ತದೆ ಅಂತಲೂ ಹೇಳಿದೆ. ಅಂಗಡಿಯಲ್ಲಿ ಉಳಿದದ್ದು ಕಮ್ಮಿ ರೇಟಿಗೆ ಸಿಕ್ಕರೆ ತಗೊಳ್ಳಬಹುದು, ಬಿಲ್ಲು ಮಾತ್ರ ಭದ್ರ.

ಎಷ್ಟು ಜಿಬಿ?

256 ಬೇಡ. ವಿಂಡೋಸಿನಲ್ಲಿ ಅದು 238 ಅಂತ ಕಾಣುತ್ತದೆ, ಅಪ್‌ಡೇಟುಗಳು ಒಂದಿಷ್ಟು ನುಂಗುತ್ತವೆ, ಡ್ರೈವ್ ಸರಾಗವಾಗಿ ಉಸಿರಾಡಲು ಹತ್ತರಲ್ಲಿ ಒಂದೆರಡು ಪಾಲು ಖಾಲಿ ಬಿಡಬೇಕು. 500 ಸಾಕು. ಫೋಟೊ ಜಾಸ್ತಿ ಇದ್ದರೆ 1 ಟಿಬಿ. ಚಿಕ್ಕಪ್ಪ ಆಸೆಪಟ್ಟ 12 ಜಿಬಿ ಅಂತರವನ್ನು ಎರಡು ಮದುವೆಗಳ ವಾಟ್ಸಾಪ್ ವಿಡಿಯೊ ತಿಂದು ಮುಗಿಸುತ್ತವೆ.

ನಾನಾದರೆ ಏನು ತಗೊಳ್ತೀನಿ

ಎಂ.2 ಕಿಂಡಿ ಇಲ್ಲದ ಹಳೇ ಕಂಪ್ಯೂಟರಿಗೆ 870 ಇವಿಒ ಥರದ, ಟಿಎಲ್‌ಸಿ ಮತ್ತು ಡಿ-ರ‍್ಯಾಮ್ ಇರುವ ಸಾಟಾ. ಹಣ ಹೊಂದದಿದ್ದರೆ ಚೀಟಿಯ ಎರಡನೇ ಸಾಲು, ಬ್ಯಾಕಪ್ ಇಡುತ್ತೇನೆ ಅಂತ ಮಾತು ಕೊಟ್ಟರೆ ಮಾತ್ರ. ಮೊದಲನೇ ಸಾಲು ಯಾವ ರೇಟಿಗೂ ಬೇಡ. ಐದಾರು ವರ್ಷದ ಈಚಿನ ಮಶೀನಿಗೆ ಎಸ್‌ಎನ್580 ಅಥವಾ ಸ್ಯಾಮ್‌ಸಂಗ್ 980 ಮಟ್ಟದ ಎನ್‌ವಿಎಂಇ. ಕೆಲವೊಮ್ಮೆ ಅದು ಸಾಟಾಗಿಂತ ಅಗ್ಗಕ್ಕೇ ಸಿಗುತ್ತದೆ. ಕಿಂಡಿ ಇದ್ದೂ ಸಾಟಾ ತರುವುದರಲ್ಲಿ ಅರ್ಥ ಇಲ್ಲ. ಐದನೇ ಪೀಳಿಗೆಯ ಡ್ರೈವ್ ಮನೆಗೆ ಬೇಡವೇ ಬೇಡ, ಬಿಸಿ ಜಾಸ್ತಿ, ರೇಟೂ ಜಾಸ್ತಿ.

ಹಳೇ ಕಂಪ್ಯೂಟರಿಗೆ ಇಷ್ಟು ಹಾಕುವುದು ದಂಡ ಅಲ್ವಾ ಅಂತ ಕೇಳುವವರಿದ್ದಾರೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೂರನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ನಿಜ. ಆದರೆ ಸಾಟಾ ಡ್ರೈವ್ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದೆ ಹೊಸ ಮಶೀನ್ ತಂದರೆ ಅದಕ್ಕೆ ಹಾಕಬಹುದು, ಕೇಸಿಂಗ್ ಹಾಕಿ ಹೊರಗಿನ ಡ್ರೈವ್ ಮಾಡಬಹುದು. ಚಿಕ್ಕಪ್ಪನಿಗೆ ನಾನು ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಅದರಲ್ಲೇ ಕನ್ನಡದ ಕಗಪ ಕೀಲಿಮಣೆ ಇದೆ, ಡೇರಿಯಲ್ಲಿ ಕಲಿತ ಕೈ ಸಲೀಸಾಗಿ ಹೊಂದಿಕೊಂಡಿತು.

ಟಿಕ್ ಅನ್ನುತ್ತಿದ್ದ ಹಾರ್ಡ್ ಡಿಸ್ಕಿನಿಂದ ಫೋಟೊಗಳನ್ನೆಲ್ಲ ಮೊದಲು ನನ್ನ ಮಶೀನಿಗೆ ಇಳಿಸಿಕೊಂಡೆ. ಆಮೇಲೆ ನನ್ನ ಹತ್ತಿರವಿದ್ದ ಇನ್ನೊಂದು ಗಟ್ಟಿ ಹಾರ್ಡ್ ಡಿಸ್ಕಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಅವರ ಬೀರುವಿನಲ್ಲಿ ಇಟ್ಟೆವು. ಬೀರುವಿಗೆ ಎಸ್‌ಎಸ್‌ಡಿ ಇಡಲಿಲ್ಲ, ಯಾಕೆಂದರೆ ಕರೆಂಟ್ ಕೊಡದೆ ಇಟ್ಟರೆ ಲೋಟದ ಚಾರ್ಜು ಮೆಲ್ಲಗೆ ಸೋರುತ್ತದೆ. ಪೂರಾ ಸವೆದ ಮನೆ ಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಅನ್ನುವುದು ಮೆಮೊರಿ ಕಂಪನಿಗಳ ಒಕ್ಕೂಟವಾದ ಜೆಡೆಕ್‌ನ ಮಾನದಂಡ. ಹೊಸದು ಇನ್ನೂ ಜಾಸ್ತಿ ಕಾಲ ಹಿಡಿಯುತ್ತದೆ. ಆದರೂ ಮಂಡ್ಯದ ಏಪ್ರಿಲ್ ಬಿಸಿಲಿಗೆ ಬೀರುವಿನೊಳಗೆ ಎಷ್ಟು ಡಿಗ್ರಿ ಆಗುತ್ತದೋ ಯಾರು ನೋಡಿದ್ದಾರೆ.

ಡ್ರೈವ್ ಹಾಕಿದ ವಾರಕ್ಕೆ ಚಿಕ್ಕಪ್ಪ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದರು. "ಹೋಯ್ತು ಕಣ್ಲಾ ನಿನ್ನ ಎಸ್‌ಎಸ್‌ಡಿ. ಸ್ಕ್ರೀನು ಕಪ್ಪಗೈತೆ."

ಗಾಬರಿಯಾಗಿ ಸ್ಕೂಟರ್ ಹತ್ತಿದೆ. ಹೋಗಿ ಮೌಸ್ ಅಲ್ಲಾಡಿಸಿದರೆ ಎಲ್ಲ ಸರಿಯಾಗಿಯೇ ಇದೆ. ವಿಚಾರಿಸಿದಾಗ ಗೊತ್ತಾಯ್ತು. ಹತ್ತು ವರ್ಷದ ಅಭ್ಯಾಸ, ಪವರ್ ಬಟನ್ ಒತ್ತಿ ಮುಖ ತೊಳೆದು, ಹಸುವಿಗೆ ಹುಲ್ಲು ಹಾಕಿ ಬರುವುದು. ಅಷ್ಟರಲ್ಲಿ ಹಳೇ ಡಿಸ್ಕ್ ವಿಂಡೋಸ್ ಎಬ್ಬಿಸಿರುತ್ತಿತ್ತು. ಈಗ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು, ಇವರಿಗಾಗಿ ಕಾದು ಕಾದು, ಮತ್ತೆ ಮಲಗಿತ್ತು. ಸ್ಕ್ರೀನ್ ಆಫ್ ಆಗುವ ಸಮಯವನ್ನು ಐದು ನಿಮಿಷದಿಂದ ಇಪ್ಪತ್ತಕ್ಕೆ ಏರಿಸಿ, ಕಾಫಿ ಕುಡಿದು ಬಂದೆ.